ಲೇಟಾಯ್ತಾ ಅಣ್ಣಾ?

2024ರ ಡಿಸೆಂಬರಿನಲ್ಲಿ ಒಂದು ಬಿಟ್‌ಕಾಯಿನ್ನಿನ ರೇಟು ಲಕ್ಷ ಡಾಲರ್ ದಾಟಿದ ವಾರ ಕೋಲಾರದಿಂದ ಚಿಕ್ಕಪ್ಪನ ಮಗ ಫೋನ್ ಮಾಡಿದ್ದ. ‘ಅಣ್ಣಾ, ಜರ್ಮನಿಯಲ್ಲಿ ಇದ್ದುಕೊಂಡು ನೀನಾದ್ರೂ ಮೊದಲೇ ಹೇಳಬಾರದಿತ್ತಾ? ಈಗ ತಗೊಂಡ್ರೆ ಲೇಟಾಯ್ತಾ?’

ಮೊದಲನೇ ಮಾತು ಚುಚ್ಚಿತು. 2022ರ ಕೊನೆಯಲ್ಲಿ ಅದು 16,000 ಡಾಲರ್ ಆಸುಪಾಸಿಗೆ ಬಿದ್ದಾಗ ವಿಷಯ ಎತ್ತಿದವನು ನಾನು. ‘ಬಿಡಣ್ಣ, ಅದು ಮುಗಿದ ಕಥೆ’ ಅಂದವನು ಅವನೇ.

ನಮ್ಮ ಕಡೆ ಆಗೋದೇ ಹೀಗೆ. ಬಿದ್ದಾಗ ಯಾರಿಗೂ ಬೇಡ, ಏರಿದ ಮೇಲೆ ಎಲ್ಲರಿಗೂ ಬೇಕು. 2023ರ ಜುಲೈನಲ್ಲಿ ಕೋಲಾರದ ಎಪಿಎಂಸಿಯಲ್ಲಿ 15 ಕೆಜಿ ಟೊಮೆಟೊ ಬಾಕ್ಸ್ 2000 ರೂಪಾಯಿ ದಾಟಿತ್ತಲ್ಲ, ಅದನ್ನು ನೋಡಿ ಸಸಿ ನೆಟ್ಟವರ ಹಣ್ಣು ಮಾರ್ಕೆಟ್ಟಿಗೆ ಬರೋ ಹೊತ್ತಿಗೆ ರೇಟೇ ಇರಲಿಲ್ಲ. ಅದನ್ನು ಕಣ್ಣಾರೆ ಕಂಡ ಹುಡುಗನೇ ಈಗ ಹೀಗೆ ಕೇಳುತ್ತಾನೆ!

ಇಲ್ಲಿ ನನ್ನ ಪಕ್ಕ ಕೂರುವ ಜರ್ಮನ್ ಸಹೋದ್ಯೋಗಿ ಇದ್ದಾನೆ. ತಿಂಗಳಿಗಿಷ್ಟು ಅಂತ ಸ್ವಲ್ಪ ದುಡ್ಡು ಅವನ ಅಕೌಂಟಿನಿಂದ ತಾನಾಗಿ ಬಿಟ್‌ಕಾಯಿನ್ನಿಗೆ ಹೋಗುತ್ತದೆ. ಇವತ್ತಿನ ರೇಟೆಷ್ಟು ಅಂತ ಕೇಳಿದರೆ ಆಪ್ ತೆಗೆದು ನೋಡಿಯೇ ಹೇಳಬೇಕು. ಬೇಗ, ತಡ ಅನ್ನೋ ತಲೆನೋವೇ ಅವನಿಗಿಲ್ಲ. ಹೊಟ್ಟೆಕಿಚ್ಚಾಗುತ್ತದೆ ನನಗೆ.

ಬೇಗ ಬಂದರೆ ಸಾಕು ಅನ್ನೋದೂ ಸುಮ್ನೆ ಮಾತು. 2010ರ ಮೇ 22ರಂದು ಎರಡು ಪಿಜ್ಜಾಗೆ 10,000 ಬಿಟ್‌ಕಾಯಿನ್ ಕೊಟ್ಟ ಅಮೆರಿಕದವನಿಗಿಂತ ಬೇಗ ಬಂದವರು ಎಷ್ಟು ಜನ ಇದ್ದಾರು? ಇಟ್ಟುಕೊಳ್ಳೋಕೆ ಬರಬೇಕು, ಅಲ್ವಾ? ನಮ್ಮವರಿಗೆ ಬಾರದ್ದು ಅದೇ.

ತಪ್ಪೆಲ್ಲ ತಮ್ಮನದೇ ಅಂತಲೂ ಹೇಳೋಕಾಗಲ್ಲ ಬಿಡಿ. ಜರ್ಮನಿಯಲ್ಲಿ ಒಂದು ವರ್ಷಕ್ಕಿಂತ ಜಾಸ್ತಿ ಇಟ್ಟುಕೊಂಡು ಮಾರಿದರೆ ಲಾಭಕ್ಕೆ ತೆರಿಗೆಯೇ ಇಲ್ಲ. ನಮ್ಮಲ್ಲಿ 2022ರ ಏಪ್ರಿಲ್‌ನಿಂದ 30 ಪರ್ಸೆಂಟ್. ನಿನ್ನೆ ತಗೊಂಡಿದ್ದಕ್ಕೂ ಅಷ್ಟೇ, ಹತ್ತು ವರ್ಷ ಕಾದಿದ್ದಕ್ಕೂ ಅಷ್ಟೇ. ಮಾರುವಾಗ 1 ಪರ್ಸೆಂಟ್ ಟಿಡಿಎಸ್ ಬೇರೆ. ಒಂದು ಕಾಯಿನ್ನಿನ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯುವ ಹಾಗೂ ಇಲ್ಲ. ಅದಕ್ಕೂ ಮುಂಚೆ, 2018ರಲ್ಲಿ, ಇಂಥ ವ್ಯವಹಾರಕ್ಕೆ ಕೈಹಾಕಬೇಡಿ ಅಂತ ರಿಸರ್ವ್ ಬ್ಯಾಂಕೇ ಬ್ಯಾಂಕುಗಳಿಗೆ ಹೇಳಿತ್ತು. ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿದ್ದು 2020ರ ಮಾರ್ಚಿನಲ್ಲಿ. ಹೀಗಿರುವಾಗ ಊರಲ್ಲಿ ಯಾರು ಧೈರ್ಯ ಮಾಡ್ತಾರೆ?

ಇನ್ನೊಂದು ಮಾತನ್ನೂ ಒಪ್ಪಬೇಕು. ಪಕ್ಕದ ಟೇಬಲ್ಲಿನವನಿಗೆ ಕಾಯಿಲೆ ಬಿದ್ದರೆ ವಿಮೆ ಇದೆ, ವಯಸ್ಸಾದರೆ ಪೆನ್ಷನ್ ಇದೆ. ನನ್ನ ತಮ್ಮನ ಬೋರ್‌ವೆಲ್ ಈ ಬೇಸಿಗೆಯಲ್ಲಿ ಕೈಕೊಟ್ಟಿದೆ, ಚೀಟಿ ಕಟ್ಟೋದಿದೆ, ತಂಗಿಗೆ ಗಂಡು ನೋಡ್ತಿದ್ದಾರೆ. ಐದು ವರ್ಷ ಮುಟ್ಟದೇ ಇಡು ಅಂತ ಇಲ್ಲಿ ಕೂತು ಹೇಳೋದು ನನಗೆ ಸುಲಭ.