ಅಮ್ಮನ ಹಾಡಿನ ಪೆಟ್ಟಿಗೆ

ನಮ್ಮ ಮನೆಯ ಟಿವಿ ಹಿಂದೆ ಇಸ್ಪೀಟು ಕಟ್ಟಿನಷ್ಟು ದೊಡ್ಡದೊಂದು ಕಂಪ್ಯೂಟರ್ ಇದೆ, ರಾಸ್ಪ್‌ಬೆರಿ ಪೈ 4. ನಾನು ಅದನ್ನು ಸರ್ವರ್ ಅನ್ನುತ್ತೇನೆ. ಅಮ್ಮ ಹಾಡಿನ ಪೆಟ್ಟಿಗೆ ಅನ್ನುತ್ತಾಳೆ. ಹಳೆಯ ಹಾರ್ಡ್ ಡಿಸ್ಕಿನಲ್ಲಿರುವ ದೇವರನಾಮಗಳನ್ನು ಬೆಳಗ್ಗೆ ಆರಕ್ಕೆ ಅಡುಗೆಮನೆಯ ಸ್ಪೀಕರಿಗೆ ಕಳಿಸುವುದಷ್ಟೇ ಅದರ ಕೆಲಸ. ರಾತ್ರಿ ಕರೆಂಟ್ ಹೋಗಿ ಬಂದರೆ ಮಾತ್ರ ಆ ಒಂದು ಕೆಲಸವೂ ಇಲ್ಲ.

"ನಿನ್ನ ಸರ್ವರ್ ಇವತ್ತೂ ರಜೆ ಕಣೋ."

ಕಣ್ಣುಜ್ಜಿಕೊಂಡು ಬಂದು ನಾನು ಸ್ಟಾರ್ಟ್ ಕಮಾಂಡ್ ಕೊಟ್ಟರೆ ತಕ್ಷಣ ಹಾಡು ಶುರು. ರಾತ್ರಿಯಿಡೀ ಕೆಮ್ಮಿದ ಮಗು ಡಾಕ್ಟರ ಎದುರು ನಗುತ್ತಾ ಕೂತ ಹಾಗೆ. ರೀಬೂಟ್ ಮಾಡಿ ಪರೀಕ್ಷಿಸಿದರೂ ಪಾಸು.

ಒಂದು ದಿನ ಲಾಗ್, ಅಂದರೆ ಅದು ಹೊತ್ತು ಹಾಕಿ ಬರೆದಿಡುವ ದಿನಚರಿ, ನೋಡಲು ಕೂತೆ. ಕರೆಂಟ್ ಬಂದಿದ್ದು ಬೆಳಗ್ಗೆ 5:40ಕ್ಕೆ. ಆ ಹೊತ್ತಿನಲ್ಲಿ ದೋಷದ ಸುಳಿವೇ ಇಲ್ಲ. ಅರ್ಧ ಗಂಟೆ ತಡಕಾಡಿದ ಮೇಲೆ ನೆನಪಾಯಿತು, ಪೈ 4ರಲ್ಲಿ ಬ್ಯಾಟರಿ ಗಡಿಯಾರವೇ ಇಲ್ಲ ಅಲ್ವಾ! ಕೊನೆಯ ಸಲ ಬರೆದಿಟ್ಟುಕೊಂಡ ಹೊತ್ತನ್ನೇ ಈಗಿನ ಹೊತ್ತು ಎಂದು ನಂಬಿ ಅದು ಏಳುತ್ತದೆ. ಇಂಟರ್ನೆಟ್ ಸಿಕ್ಕ ಮೇಲಷ್ಟೇ ತಿದ್ದಿಕೊಳ್ಳುತ್ತದೆ. ಹಾಗಾಗಿ ದೋಷ ರಾತ್ರಿ 2:17ರ ಹೆಸರಿನಲ್ಲಿ ಕೂತಿತ್ತು. ಕರೆಂಟ್ ಹೋಗಿದ್ದು ಎರಡೂವರೆಗೆ. ಅದರ ಲೆಕ್ಕದಲ್ಲಿ ಕರೆಂಟ್ ಇನ್ನೂ ಹೋಗಿಯೇ ಇಲ್ಲ.

ಅಲ್ಲಿದ್ದ ಮಾತು: ಸ್ಟಾರ್ಟ್ ರಿಕ್ವೆಸ್ಟ್ ರಿಪೀಟೆಡ್ ಟೂ ಕ್ವಿಕ್ಲಿ. ಅಂದರೆ, ಪದೇಪದೇ ತೀರಾ ಬೇಗ ಎಬ್ಬಿಸಲಾಗಿದೆ. ಬಿದ್ದರೆ ಮತ್ತೆ ಏಳು ಎಂದು ಹಾಡಿನ ಪ್ರೋಗ್ರಾಮಿಗೆ ಸರ್ವೀಸ್ ಫೈಲಿನಲ್ಲಿ ನಾನೇ ಬರೆದಿದ್ದೆ. ಎಷ್ಟು ಸುಧಾರಿಸಿಕೊಂಡು ಏಳಬೇಕು ಎಂದು ಬರೆದಿರಲಿಲ್ಲ. ಹೇಳದಿದ್ದರೆ, ಪ್ರೋಗ್ರಾಮುಗಳನ್ನು ಎಬ್ಬಿಸುವ ಸಿಸ್ಟಮ್‌ಡಿ ಕಾಯುವುದು 100 ಮಿಲಿಸೆಕೆಂಡ್. 10 ಸೆಕೆಂಡಿನೊಳಗೆ 5 ಸಲ ಎಬ್ಬಿಸಿದರೂ ಎದ್ದು ನಿಲ್ಲದಿದ್ದರೆ ಹೋಗಲಿ ಎಂದು ಕೈಬಿಡುತ್ತದೆ. ನಮ್ಮದು ಕಣ್ಣು ಮಿಟುಕಿಸುವಷ್ಟರಲ್ಲಿ ಐದೂ ಸಲ ಬಿದ್ದು ಮುಗಿಸಿತ್ತು.

ಬಿದ್ದಿದ್ದು ಯಾಕೆ? ನೆಟ್‌ವರ್ಕ್ ಮೇಲೆ ಅನುಮಾನಪಟ್ಟು ಒಂದು ರಾತ್ರಿ ಸುಮ್ನೆ ಹಾಳುಮಾಡಿದೆ. ಕೊನೆಗೆ ಕರೆಂಟ್ ಬಂದ ಗಳಿಗೆಯಲ್ಲೇ ಟಿವಿ ಹಿಂದೆ ತಲೆ ತೂರಿಸಿ ಕೂತೆ. ಪೈನ ಹಸಿರು ದೀಪ ಮಿಣಮಿಣ ಅಂದಿತು. ಡಿಸ್ಕ್ ಮಾತ್ರ ಕಟಕ್ ಎಂದಿತು, ತಡೆದು ಮತ್ತೆ ಕಟಕ್ ಎಂದಿತು, ಆಮೇಲೆ ನಿಧಾನವಾಗಿ ಗುಂಯ್ ಎನ್ನತೊಡಗಿತು. ಮೊಣಕಾಲು ಹಿಡಿದುಕೊಂಡು ಏಳುವ ಅಜ್ಜನೇ ಸರಿ. ಅಷ್ಟರಲ್ಲಿ ಸರ್ವೀಸ್ ಖಾಲಿ ಫೋಲ್ಡರಿನಲ್ಲಿ ಹಾಡು ಹುಡುಕಿ ಸೋತು ಮಲಗಿತ್ತು. ರೀಬೂಟಿನಲ್ಲಿ ಇದು ಸಿಗುವುದೇ ಇಲ್ಲ, ಯಾಕೆಂದರೆ ಡಿಸ್ಕಿಗೆ ಬೇರೆಯದೇ ಅಡಾಪ್ಟರ್, ಅದು ತಿರುಗುತ್ತಲೇ ಇರುತ್ತದೆ. ಡಿಸ್ಕಿಗಾಗಿ ಕಾಯಬೇಡ ಎಂದು, ಯಾವ ಡಿಸ್ಕ್ ಎಲ್ಲಿ ಸೇರಬೇಕೆಂದು ಬರೆದಿಡುವ ಎಫ್‌ಎಸ್‌ಟ್ಯಾಬ್‌ನಲ್ಲಿ 'ನೋಫೇಲ್' ಬರೆದ ಪುಣ್ಯಾತ್ಮನೂ ನಾನೇ.

"ಎದ್ದ ಕೂಡಲೇ ಹಾಡು ಅಂದರೆ ಯಾರು ಹಾಡ್ತಾರೆ? ಸ್ವಲ್ಪ ಹೊತ್ತು ಬಿಡು" ಎಂದಳು ಅಮ್ಮ. ಹಾಗೇ ಮಾಡಿದೆ, ಶುರುವಿನಲ್ಲಿ 30 ಸೆಕೆಂಡ್ ಸ್ಲೀಪ್. ಹಾಡು ಬಂತು. ನನಗೇ ನಾಚಿಕೆಯಾಯಿತು, ಇದೆಂಥ ರಿಪೇರಿ! ಅದನ್ನು ಕಿತ್ತು, ಡಿಸ್ಕ್ ಮೌಂಟ್ ಆಗುವ, ಅಂದರೆ ಆ ಫೋಲ್ಡರಿಗೆ ಸೇರಿಕೊಳ್ಳುವ ತನಕ ಕಾಯಲಿ ಎಂದು 'ರಿಕ್ವೈರ್ಸ್‌ಮೌಂಟ್ಸ್‌ಫಾರ್' ಎಂಬ ಒಂದು ಸಾಲು ಸೇರಿಸಿದೆ.

ಪರೀಕ್ಷೆಗೆ ನಿಜವಾಗಿಯೂ ಕರೆಂಟ್ ಹೋಗಬೇಕಿತ್ತು. ಯಾರಿಗೂ ಹೇಳದೆ ಹೋಗಿ ಮೇನ್ ಸ್ವಿಚ್ ಇಳಿಸಿದೆ. ಇಪ್ಪತ್ತು ಎಣಿಸಿದೆ. ಏರಿಸಿದೆ. ಹಸಿರು ದೀಪ, ಕಟಕ್, ಗುಂಯ್. ಉಸಿರು ಬಿಗಿಹಿಡಿದು ನಿಂತಿದ್ದೆ. ಹಾಡು ತಾನಾಗಿಯೇ ಬಂತು.

ಅದಕ್ಕಿಂತ ಮೊದಲೇ ಅಡುಗೆಮನೆಯಲ್ಲಿ ಮಿಕ್ಸಿ ಶುರುವಾಗಿತ್ತು. ಅರ್ಧಕ್ಕೆ ನಿಂತಿತಲ್ಲ ಎಂದು ಅಮ್ಮ ಆಗಷ್ಟೇ ಮುಚ್ಚಳ ತೆಗೆದು ಇಣುಕಿದ್ದಳಂತೆ. ಅದು ಯಾವ ಮುಚ್ಚಳಕ್ಕೂ ಕಾಯಲಿಲ್ಲ. ಕಾಯಿಚಟ್ನಿ ಈಗಲೂ ಅಡುಗೆಮನೆಯ ಸೀಲಿಂಗ್‌ನಲ್ಲಿದೆ.