ಗುರುವಾರ ಬರುತ್ತಿದ್ದವರು

ನಮ್ಮ ದೊಡ್ಡಪ್ಪ ಸೈನ್ಯದಲ್ಲಿದ್ದವರು. ಕೊನೆಯ ಎರಡು ವರ್ಷ ಅವರಿಗೆ ಮಂಚ ಬಿಟ್ಟು ಏಳುವುದೇ ಕಷ್ಟವಾಗಿತ್ತು. ಆಗ ಪ್ರತಿ ಗುರುವಾರ ಒಬ್ಬರು ಮನೆಗೆ ಬರುತ್ತಿದ್ದರು. ಅವರೂ ಮಾಜಿ ಸೈನಿಕರೇ. ಆದರೆ ದೊಡ್ಡಪ್ಪನ ಪಲ್ಟನ್‌ನವರಲ್ಲ, ಮೊದಲು ಪರಿಚಯವೂ ಇರಲಿಲ್ಲ. ಪೆನ್ಷನ್ ಕಾಗದದಲ್ಲಿ ಹುಟ್ಟಿದ ತಾರೀಖು ತಪ್ಪಾಗಿತ್ತು, ಅದನ್ನು ಸರಿಪಡಿಸಿಕೊಡೋಕೆ ಬಂದವರು. ಆ ಕೆಲಸ ಎರಡು ತಿಂಗಳಲ್ಲಿ ಮುಗಿಯಿತು. ಅವರು ಬರುವುದು ಮಾತ್ರ ನಿಲ್ಲಲಿಲ್ಲ.

ದೊಡ್ಡಪ್ಪನಿಗೆ ಕಿವಿ ಕೇಳಲ್ಲ ಅಂತ ನಾವೆಲ್ಲ ಕೂಗಿ ಕೂಗಿ ಮಾತಾಡುತ್ತಿದ್ದೆವು. ಇವರು ಬಂದ ಮೊದಲ ದಿನವೇ ಕುರ್ಚಿಯನ್ನು ಮಂಚದ ಬಲಗಡೆಗೆ ಎಳೆದುಕೊಂಡು ಕೂತರು. ಮೆಲ್ಲಗೇ ಮಾತಾಡಿದರು. ದೊಡ್ಡಪ್ಪ ಎಲ್ಲಕ್ಕೂ ಉತ್ತರ ಕೊಟ್ಟರು! ಬಲ ಹೆಗಲಿಗೆ ರೈಫಲ್ ಇಟ್ಟು ಗುಂಡು ಹಾರಿಸುವವರಿಗೆ ಸಾಮಾನ್ಯವಾಗಿ ಎಡಗಿವಿಯೇ ಜಾಸ್ತಿ ಕೆಡುತ್ತದೆ. ಎಡಗಿವಿ ನಳಿಗೆಯ ಕಡೆ ಇರುತ್ತದೆ, ಬಲಗಿವಿಗೆ ತಲೆಯೇ ಅಡ್ಡ ಇರುತ್ತದೆ. ಒಂದೇ ಮನೆಯಲ್ಲಿದ್ದೂ ನಮಗೆ ಇದು ಗೊತ್ತಾಗಿರಲಿಲ್ಲ.

ನಮ್ಮ ಹತ್ತಿರ ಯಾವತ್ತೂ ಯುದ್ಧದ ಮಾತೆತ್ತದ ದೊಡ್ಡಪ್ಪ ಇವರ ಹತ್ತಿರ ಮಾತಾಡಿದರು. ಒಂದು ದಿನ ಪಕ್ಕದ ಕೋಣೆಯಲ್ಲಿದ್ದ ನನಗೆ ಅವರು ಅಳುವುದು ಕೇಳಿಸಿತು. ಇವರು ಸಮಾಧಾನದ ಮಾತು ಒಂದನ್ನೂ ಆಡಲಿಲ್ಲ. ಸುಮ್ನೆ ಕೂತಿದ್ದರು. ಆವತ್ತು ಕತ್ತಲಾಗುವವರೆಗೂ ಎದ್ದು ಹೋಗಲಿಲ್ಲ.

ದೊಡ್ಡಪ್ಪ ತೀರಿಕೊಂಡಾಗ ಡಾಕ್ಟರಿಗೆ, ನರ್ಸ್‌ಗಳಿಗೆ, ಅಕ್ಕಪಕ್ಕದವರಿಗೆ ಎಲ್ಲರಿಗೂ ಧನ್ಯವಾದ ಹೇಳಿದೆವು. ಇವರಿಗೆ ಹೇಳಲು ಮರೆತೆವು. ಮುಂದಿನ ಗುರುವಾರ ಅವರು ಮತ್ತೆ ಬಂದರು. ಕೈಯಲ್ಲಿ ದೊಡ್ಡಮ್ಮನ ಫ್ಯಾಮಿಲಿ ಪೆನ್ಷನ್ ಅರ್ಜಿ ಇತ್ತು. ಅದನ್ನು ನೆನೆದರೆ ನನಗೆ ಈಗಲೂ ಹೊಟ್ಟೆಯೊಳಗೆ ಸಂಕಟವಾಗುತ್ತದೆ.

ಇಂಥವರು ಎಲ್ಲ ದೇಶಗಳಲ್ಲೂ ಇದ್ದಾರೆ. ಅಮೆರಿಕದಲ್ಲಿ ಮಾಜಿ ಸೈನಿಕರ ಆಸ್ಪತ್ರೆಗಳಿಗೆ ಸ್ವಯಂಸೇವಕರನ್ನು ಸೇರಿಸಿಕೊಳ್ಳುವ ವ್ಯವಸ್ಥೆ 1946ರಿಂದಲೇ ಇದೆ. ಅಲ್ಲಿ ವ್ಯಾನ್ ಓಡಿಸಿ ರೋಗಿಗಳನ್ನು ಆಸ್ಪತ್ರೆಗೆ ಕರೆದೊಯ್ಯುವವರಿದ್ದಾರೆ. ಸಾಯುವ ಹೊತ್ತಿನಲ್ಲಿ ಯಾರೂ ಇಲ್ಲದ ಸೈನಿಕರ ಪಕ್ಕ ಸರದಿಯ ಮೇಲೆ ಕೂರುವವರೂ ಇದ್ದಾರೆ.

ನನಗೆ ಬಹಳ ಇಷ್ಟವಾದದ್ದು, ಹಿರಿಯ ಸೈನಿಕರನ್ನು ಯುದ್ಧ ಸ್ಮಾರಕ ನೋಡಲು ವಿಮಾನದಲ್ಲಿ ಕರೆದೊಯ್ಯುವ ಅಲ್ಲಿನ ಆನರ್ ಫ್ಲೈಟ್ ಶುರುವಾದ ರೀತಿ. ಎರಡನೇ ಮಹಾಯುದ್ಧದ ಸ್ಮಾರಕ ವಾಷಿಂಗ್ಟನ್‌ನಲ್ಲಿ ತೆರೆದದ್ದು 2004ರಲ್ಲಿ. ಅಷ್ಟರಲ್ಲಿ ಯುದ್ಧ ಮಾಡಿದವರೆಲ್ಲ ಹಣ್ಣು ಹಣ್ಣು ಮುದುಕರು. ಅಲ್ಲಿಗೆ ಹೋಗಲು ಎಷ್ಟೋ ಜನರಿಗೆ ಆಗುತ್ತಿರಲಿಲ್ಲ. ವಾಯುಪಡೆಯಿಂದ ನಿವೃತ್ತರಾಗಿದ್ದ ಅರ್ಲ್ ಮೋರ್ಸ್ ತಮ್ಮ ಹಾಗೇ ಹವ್ಯಾಸಕ್ಕೆ ವಿಮಾನ ಹಾರಿಸುವವರನ್ನು ಕೇಳಿಕೊಂಡರು. ಷರತ್ತು ಎರಡೇ. ವಿಮಾನದ ಖರ್ಚು ನಿಮ್ಮದು. ಆಮೇಲೆ, ಇಡೀ ದಿನ ಆ ಹಿರಿಯರ ಜೊತೆಗೇ ಇರಬೇಕು. 2005ರ ಮೇ ತಿಂಗಳಲ್ಲಿ ಆರು ಪುಟ್ಟ ವಿಮಾನಗಳಲ್ಲಿ 12 ಜನ ಹಿರಿಯರು ಹೋಗಿ ಬಂದರು. ದುಡ್ಡು ಕೊಡುವವರು ಹೇಗೋ ಸಿಕ್ಕಾರು. ಆ ಎರಡನೇ ಷರತ್ತು ಹಾಕಿದ್ದಾರಲ್ಲ, ಮನುಷ್ಯನನ್ನು ಬಲ್ಲವರು ಅನ್ನಿಸಿತು ನನಗೆ.

ಡಿಸೆಂಬರ್ 5 ವಿಶ್ವಸಂಸ್ಥೆ ಗುರುತಿಸಿದ ಸ್ವಯಂಸೇವಕರ ದಿನ. ಆವತ್ತು ವೇದಿಕೆಗೆ ಕರೆದು ಪ್ರಮಾಣಪತ್ರ ಕೊಡುತ್ತಾರೆ. ಇಷ್ಟು ಗಂಟೆ ಸೇವೆ ಅಂತ ಲೆಕ್ಕ ಹಾಕಿ ಪದಕ ಕೊಡುವ ಪದ್ಧತಿಯೂ ಇದೆ. ಬೇಡ ಅನ್ನುತ್ತಿಲ್ಲ, ಖಂಡಿತ ಕೊಡಲಿ. ಆದರೆ ಕತ್ತಲಾಗುವವರೆಗೆ ಸುಮ್ಮನೆ ಕೂತದ್ದನ್ನು ಯಾವ ಗಂಟೆಗೆ ಬರೆದುಕೊಳ್ಳುತ್ತೀರಿ? ಇಂಥ ಸ್ವಯಂಸೇವಕರ ಭಾರ ಸ್ವಲ್ಪ ಹೊರುವುದೇ ನಿಜವಾದ ಗೌರವ ಅಂತ ನನ್ನ ಅನಿಸಿಕೆ. ಅವರ ಬಸ್ಸು, ಪೆಟ್ರೋಲಿನ ಖರ್ಚನ್ನು ಸಂಸ್ಥೆಗಳು ಕೊಡಲಿ. ಅವರು ಒಂದು ಕಡತದ ಬಗ್ಗೆ ವಿಚಾರಿಸಿ ಫೋನ್ ಮಾಡಿದರೆ ಕಚೇರಿಯಲ್ಲಿ ಯಾರಾದರೂ ಎತ್ತಿ ಉತ್ತರ ಕೊಡಲಿ. ಇನ್ನೊಬ್ಬರ ಯುದ್ಧದ ನೋವನ್ನು ವಾರವಾರ ಕೇಳಿಸಿಕೊಂಡು ಮನೆಗೆ ಹೋಗುತ್ತಾರಲ್ಲ, ಅವರ ಮಾತು ಕೇಳಿಸಿಕೊಳ್ಳಲು ಯಾರಿದ್ದಾರೆ? ಎಷ್ಟೋ ಸಲ ಅವರಿಗೂ ತಮ್ಮದೇ ಗಾಯ ಇರುತ್ತದೆ ಅಲ್ವಾ? ಅವರಿಗೆ ಹುಷಾರಿಲ್ಲದ ವಾರ ಅವರ ಬದಲು ಹೋಗಲು ಒಬ್ಬರು ಬೇಕು. ಇದು ಎಲ್ಲಕ್ಕಿಂತ ಮುಖ್ಯ. ಯಾಕೆಂದರೆ ಆ ದಿನ ಅಲ್ಲಿ ಒಬ್ಬ ಅಜ್ಜ ಬಾಗಿಲು ನೋಡುತ್ತಾ ಕೂತಿರುತ್ತಾರೆ.

ಮೊನ್ನೆ ನಮ್ಮ ಮನೆಗೆ ಗುರುವಾರ ಬರುತ್ತಿದ್ದ ಅವರಿಗೆ ಮೊಣಕಾಲಿನ ಆಪರೇಷನ್ ಆಯಿತು. ನೋಡಲು ಹೋಗಿದ್ದೆ. ತಡವಾಗಿಯಾದರೂ ಧನ್ಯವಾದ ಹೇಳಿದೆ. ಅವರು ಅದನ್ನು ಅಲ್ಲಿಗೇ ಬಿಟ್ಟು, ತಾವು ಈಗ ಹೋಗುತ್ತಿರುವ ಮನೆಯ ಚಿಂತೆ ಹೇಳಿಕೊಂಡರು. ಆರು ವಾರ ನಾನು ಹೋಗುತ್ತೇನೆ ಅಂದೆ. ನಿನ್ನೆ ರಾತ್ರಿ ಅವರೇ ಫೋನ್ ಮಾಡಿದ್ದರು: "ಕಾಗದ ಬಂದಿದ್ದರೆ ಅವರ ಕೈಗೆ ಕೊಡಬೇಡಮ್ಮ, ನೀನೇ ಗಟ್ಟಿಯಾಗಿ ಓದು. ಕಣ್ಣು ಕಾಣಲ್ಲ ಅಂತ ಅವರು ಒಪ್ಪಿಕೊಳ್ಳಲ್ಲ. ನಾಲ್ಕು ಗಂಟೆಗೆ ಅಂದರೆ ನಾಲ್ಕಕ್ಕೇ ಹೋಗು. ಮೂರೂವರೆಗೇ ಶರ್ಟ್ ಹಾಕಿಕೊಂಡು ಕಾಯ್ತಿರ್ತಾರೆ."