72 ಗಂಟೆಗಳ ಮಾತ್ರೆ ಮತ್ತು ಎರಡು ನೆರೆರಾಜ್ಯಗಳು

ಚೆನ್ನೈಯಲ್ಲಿ ಓದುವ, ದುಡಿಯುವ ಕನ್ನಡದ ಹೆಣ್ಣುಮಕ್ಕಳ ನಡುವೆ ಸದ್ದಿಲ್ಲದೆ ಬೆಳೆದ ಒಂದು ರೂಢಿಯಿದೆ. ಬೆಂಗಳೂರಿಗೆ ಹೋಗಿಬರುವ ಗೆಳತಿಗೆ ತುರ್ತು ಗರ್ಭನಿರೋಧಕ ಮಾತ್ರೆ ತರಲು ಹೇಳುತ್ತಾರೆ. ಅಲ್ಲಿ ನೂರು ರೂಪಾಯಿಯ ಆಸುಪಾಸಿನಲ್ಲಿ ಸುಲಭವಾಗಿ ದೊರೆಯುವ ಈ ಮಾತ್ರೆ ಇಲ್ಲಿನ ಬಹುಪಾಲು ಔಷಧಿ ಅಂಗಡಿಗಳಲ್ಲಿ ಇರುವುದೇ ಇಲ್ಲ. ಕಾನೂನಿನಲ್ಲಿ ಇದಕ್ಕೆ ನಿಷೇಧವಿಲ್ಲ; ಈ ಮಾತ್ರೆಯಲ್ಲಿರುವ ಲೆವೊನೋರ್ಜೆಸ್ಟ್ರೆಲ್ 2005ರಿಂದ ದೇಶದಾದ್ಯಂತ ವೈದ್ಯರ ಚೀಟಿಯಿಲ್ಲದೆ ಮಾರಬಹುದಾದ ಔಷಧಿ, ಸರ್ಕಾರವೇ ಇದನ್ನು ಆಶಾ ಕಾರ್ಯಕರ್ತೆಯರ ಕೈಗೆ ಕೊಟ್ಟಿದೆ. ಆದರೂ ಔಷಧ ನಿಯಂತ್ರಣ ಅಧಿಕಾರಿಗಳ ತಪಾಸಣೆಯ ಅಂಜಿಕೆ, ನೈತಿಕತೆಯ ಹೆಸರಿನ ಮುಜುಗರ ಎರಡೂ ಸೇರಿ ಅಂಗಡಿಯವರು ದಾಸ್ತಾನು ಇಡುವುದನ್ನೇ ಬಿಟ್ಟಿದ್ದಾರೆ.

ಇದರ ಬೇರಿನಲ್ಲಿರುವುದು ಇದೂ ಗರ್ಭಪಾತದ ಮಾತ್ರೆಯೇ ಎಂಬ ತಪ್ಪು ತಿಳಿವಳಿಕೆ. ಗರ್ಭಪಾತಕ್ಕೆ ಬಳಸುವ ಮಿಫೆಪ್ರಿಸ್ಟೋನ್ ಮತ್ತು ಮಿಸೊಪ್ರೊಸ್ಟಾಲ್ ಮಾತ್ರೆಗಳಿಗೆ ವೈದ್ಯರ ಚೀಟಿ ಬೇಕೇ ಬೇಕು, ಅದು ಸರಿಯೂ ಹೌದು. ಲೆವೊನೋರ್ಜೆಸ್ಟ್ರೆಲ್ ಮಾಡುವ ಕೆಲಸವೇ ಬೇರೆ: ಅದು ಅಂಡಾಣು ಬಿಡುಗಡೆಯಾಗುವುದನ್ನು ತಡಮಾಡುತ್ತದೆ, ಈಗಾಗಲೇ ನಿಂತ ಗರ್ಭಕ್ಕೆ ಏನೂ ಮಾಡುವುದಿಲ್ಲ. ಸಂಪರ್ಕವಾದ 72 ಗಂಟೆಗಳೊಳಗೆ, ಎಷ್ಟು ಬೇಗ ನುಂಗಿದರೆ ಅಷ್ಟು ಫಲಕಾರಿ. ಶನಿವಾರ ರಾತ್ರಿ ಕಾಂಡೋಮ್ ಹರಿದುಹೋದ ಇಪ್ಪತ್ತರ ತರುಣಿಯೊಬ್ಬಳು ಸೋಮವಾರ ವೈದ್ಯರನ್ನು ಕಾಣುವ ಹೊತ್ತಿಗೆ ಆ ಅವಧಿಯ ಅರ್ಧಕ್ಕಿಂತ ಹೆಚ್ಚು ಮುಗಿದಿರುತ್ತದೆ. ಇಂಥ ಸಮಯದಲ್ಲಿ ಅಂಗಡಿಯಿಂದ ಅಂಗಡಿಗೆ ಅಲೆಸುವುದು, ಕೌಂಟರಿನಾಚೆಯಿಂದ ಅವಳ ಮದುವೆಯ ಬಗ್ಗೆ ವಿಚಾರಿಸುವುದು ಕ್ರೂರವೆಂದೇ ನಾನು ಭಾವಿಸುತ್ತೇನೆ. ಬೇಡವಾದ ಗರ್ಭವನ್ನು ತಡೆಯುವ ಮಾತ್ರೆಯನ್ನು ಬಚ್ಚಿಟ್ಟರೆ, ಗರ್ಭಪಾತದ ಅಗತ್ಯ ಕಡಿಮೆಯಾಗುವ ಬದಲು ಹೆಚ್ಚುತ್ತದೆ.

ಈ ವಿಷಯದಲ್ಲಿ ಬೆಂಗಳೂರು ಮೇಲೆಂದು ಒಪ್ಪಲೇಬೇಕು. ಆದರೆ ಅಲ್ಲಿ ಮಾತ್ರೆಯಷ್ಟು ಸುಲಭವಾಗಿ ತಿಳಿವಳಿಕೆ ಸಿಗುತ್ತಿಲ್ಲ. 2007ರಲ್ಲಿ ಹಲವು ರಾಜ್ಯಗಳು ಹದಿಹರೆಯದವರ ಲೈಂಗಿಕ ಶಿಕ್ಷಣಕ್ಕೆ ತಡೆಯೊಡ್ಡಿದಾಗ ಕರ್ನಾಟಕವೂ ಆ ಸಾಲಿನಲ್ಲಿತ್ತು. 2022ರ ಕೊನೆಯಲ್ಲಿ ಬೆಂಗಳೂರಿನ ಕೆಲವು ಶಾಲೆಗಳ ಬ್ಯಾಗ್ ತಪಾಸಣೆಯಲ್ಲಿ ಕಾಂಡೋಮ್, ಗರ್ಭನಿರೋಧಕಗಳು ಸಿಕ್ಕವೆಂಬ ಸುದ್ದಿ ಬಂದಾಗ ಕೇಳಿಬಂದದ್ದು ಹೆಚ್ಚಾಗಿ ಆಘಾತದ ಮಾತು. ಆ ಮಕ್ಕಳಿಗೆ ಇದನ್ನೆಲ್ಲ ಯಾರು ವಿವರಿಸಿದ್ದಾರೆ ಎಂಬ ಪ್ರಶ್ನೆ ಹಿಂದೆ ಸರಿಯಿತು. ಈ ಮಾತ್ರೆ ನಿತ್ಯದ ಬಳಕೆಗಲ್ಲ, ಲೈಂಗಿಕ ಸೋಂಕುಗಳಿಂದ ಕಾಪಾಡುವುದಿಲ್ಲ, ಮುಟ್ಟಿನ ದಿನ ಹಿಂದುಮುಂದಾಗಬಹುದು, ಒಂದು ವಾರ ಮೀರಿ ತಡವಾದರೆ ಪರೀಕ್ಷೆ ಮಾಡಿಸಿಕೊಳ್ಳಬೇಕು. ಇಷ್ಟನ್ನು ಹೇಳಲು ಒಬ್ಬ ಜೀವಶಾಸ್ತ್ರದ ಅಧ್ಯಾಪಕಿಗೆ ಅರ್ಧ ಗಂಟೆ ಸಾಕು.

ಹದಿಹರೆಯದವರಿಗೆಂದೇ ಕರ್ನಾಟಕದ ಸರ್ಕಾರಿ ಆಸ್ಪತ್ರೆಗಳಲ್ಲಿ ಸ್ನೇಹ ಕ್ಲಿನಿಕ್‌ಗಳಿವೆ. ಅಪ್ರಾಪ್ತೆಯೊಬ್ಬಳು ಗರ್ಭಪಾತಕ್ಕೆ ಬಂದಾಗ ಪೊಲೀಸರಿಗೆ ಸಲ್ಲಿಸುವ ವರದಿಯಲ್ಲಿ, ಅವಳೂ ಅವಳ ಪೋಷಕರೂ ಕೋರಿದರೆ, ವೈದ್ಯರು ಅವಳ ಗುರುತು ತಿಳಿಸಬೇಕಾಗಿಲ್ಲವೆಂದು ಸುಪ್ರೀಂ ಕೋರ್ಟ್ 2022ರ ಸೆಪ್ಟೆಂಬರ್‌ನಲ್ಲಿ ಹೇಳಿದೆ. ಇವೆರಡೂ ಹದಿನೇಳರ ಹುಡುಗಿಗೆ ಮೊದಲೇ ತಿಳಿದಿರಬೇಕು. ಸಮೀಪದ ಕ್ಲಿನಿಕ್ ಎಲ್ಲಿದೆ, ಯಾವ ಹೊತ್ತಿನಲ್ಲಿ ತೆರೆದಿರುತ್ತದೆ ಎಂಬುದನ್ನು ಪ್ರತಿಯೊಂದು ಪಿಯು ಕಾಲೇಜಿನ ಸೂಚನಾ ಫಲಕದಲ್ಲಿ ಬರೆಯಲು ಹೊಸ ಕಾನೂನೇನೂ ಬೇಕಿಲ್ಲ. ಪ್ರಾಂಶುಪಾಲರು ಈ ವಾರವೇ ಬರೆಸಬಹುದು.